ಅವಶೇಷದ ಮೇಲೊಂದು ಹಕ್ಕಿಗಳ ಊರು: ಟೊರೊಂಟೊದ ಲೆಸ್ಲಿ ಸ್ಪಿಟ್‌ಗೆ ಹೋಗುವವರಿಗೆ

ಬೇಸಿಗೆಯಲ್ಲಿ ಮಗನ ಮನೆಗೋ ಮಗಳ ಮನೆಗೋ ಎಂದು ಟೊರೊಂಟೊಗೆ ಹೋಗುವ ಕನ್ನಡಿಗರ ಪಟ್ಟಿಯಲ್ಲಿ ನಯಾಗರ ಜಲಪಾತ, ಸಿಎನ್ ಟವರ್, ಸಾವಿರ ದ್ವೀಪಗಳ ದೋಣಿ ವಿಹಾರ ತಪ್ಪದೆ ಇರುತ್ತವೆ. ಅವೆಲ್ಲ ನೋಡತಕ್ಕವೇ. ಆದರೆ ಅದೇ ನಗರದ ನಡುಪೇಟೆಯಿಂದ ಐದಾರು ಕಿಲೋಮೀಟರ್ ಆಚೆ, ಪ್ರವೇಶಕ್ಕೆ ಒಂದು ಸೆಂಟ್ ಕೂಡ ಕೊಡದೆ ನೋಡಬಹುದಾದ ಇನ್ನೊಂದು ಜಾಗವಿದೆ. ಬಹಳಷ್ಟು ಮಂದಿ ಅದರ ಹೆಸರನ್ನೂ ಕೇಳದೆ ಊರಿಗೆ ಮರಳುತ್ತಾರೆ. ಸರ್ಕಾರಿ ಕಡತದಲ್ಲಿ ಅದು ಟಾಮಿ ಥಾಂಪ್ಸನ್ ಪಾರ್ಕ್. ಅಲ್ಲಿನ ಜನರ ಬಾಯಲ್ಲಿ ಲೆಸ್ಲಿ ಸ್ಟ್ರೀಟ್ ಸ್ಪಿಟ್, ಅಥವಾ ಬರೀ ಸ್ಪಿಟ್.

ಒಂಟಾರಿಯೊ ಸರೋವರದೊಳಕ್ಕೆ ಐದು ಕಿಲೋಮೀಟರ್ ಚಾಚಿಕೊಂಡ ನೆಲ ಇದು. ಅದರಲ್ಲಿ ತಾನಾಗಿ ಹುಟ್ಟಿದ ಭೂಮಿ ಒಂದು ಹಿಡಿಯೂ ಇಲ್ಲ. ಒಡೆದ ಕಟ್ಟಡಗಳ ಇಟ್ಟಿಗೆ, ಕಾಂಕ್ರೀಟ್, ಸುರಂಗ ರೈಲಿಗಾಗಿ ಅಗೆದ ಮಣ್ಣು, ಬಂದರಿನ ತಳದಿಂದ ಎತ್ತಿದ ಮರಳು ಮತ್ತು ಹೂಳು, ಇಷ್ಟನ್ನೇ ಸುರಿದು ಸುರಿದು ಕಟ್ಟಿದ್ದು. ಇಂದು ಅಲ್ಲಿ 300ಕ್ಕೂ ಹೆಚ್ಚು ಜಾತಿಯ ಹಕ್ಕಿಗಳು ದಾಖಲಾಗಿವೆ. ಉತ್ತರ ಅಮೆರಿಕದ ಅತಿ ದೊಡ್ಡ ನೀರುಕಾಗೆ ವಸಾಹತುಗಳಲ್ಲಿ ಒಂದು ಅಲ್ಲಿದೆ. ಮೂವತ್ತು ಲಕ್ಷಕ್ಕೆ ಹತ್ತಿರದ ಜನಸಂಖ್ಯೆಯ ನಗರವೊಂದರ ಅಂಚಿನಲ್ಲಿ ಇದು ಹೇಗೆ ಉಳಿದುಕೊಂಡಿತು ಎಂಬುದನ್ನು ತಿಳಿದುಕೊಂಡು ಹೋದರೆ ನೋಡುವ ಕಣ್ಣೇ ಬೇರೆಯಾಗುತ್ತದೆ. ಅಲ್ಲಿನ ಕಟ್ಟುನಿಟ್ಟುಗಳು ಯಾಕೆ ಬೇಕು ಎಂಬುದೂ ಅರ್ಥವಾಗುತ್ತದೆ.

ಮೊದಲು ಸಮಯದ ವಿಷಯ

ಹೊಸಬರು ಎಡವುವುದು ಇಲ್ಲೇ. ಸೋಮವಾರದಿಂದ ಶುಕ್ರವಾರದವರೆಗೆ ಸ್ಪಿಟ್ ಸಾರ್ವಜನಿಕರಿಗೆ ತೆರೆಯುವುದು ಸಂಜೆ 4 ಗಂಟೆಗೆ, ಮುಚ್ಚುವುದು ರಾತ್ರಿ 9ಕ್ಕೆ. ಶನಿವಾರ, ಭಾನುವಾರ ಮತ್ತು ಸಾರ್ವಜನಿಕ ರಜಾದಿನಗಳಲ್ಲಿ ಬೆಳಗಿನ 5.30ರಿಂದ ರಾತ್ರಿ 9ರವರೆಗೆ ತೆರೆದಿರುತ್ತದೆ. ಮಕ್ಕಳು ಕೆಲಸಕ್ಕೆ ಹೋದ ಮೇಲೆ ನಾವೇ ಒಂದು ಸುತ್ತು ಹೋಗಿಬರೋಣ ಎಂದು ಬುಧವಾರ ಬೆಳಿಗ್ಗೆ ಹತ್ತಕ್ಕೆ ಹೊರಟರೆ ಗೇಟಿನಿಂದಲೇ ವಾಪಸಾಗಬೇಕು. ವಾರದ ದಿನ ಹಗಲಿನಲ್ಲಿ ಲಾರಿಗಳು ಮಣ್ಣು, ಕಲ್ಲು ಹೊತ್ತು ಓಡಾಡುತ್ತವೆ. ಸ್ಪಿಟ್ ಕಟ್ಟುವ ಕೆಲಸ, ದಂಡೆ ಗಟ್ಟಿಮಾಡುವ ಕೆಲಸ ಇನ್ನೂ ಮುಗಿದಿಲ್ಲ.

ಜೂನ್ ತಿಂಗಳಲ್ಲಿ ಟೊರೊಂಟೊದಲ್ಲಿ ಸೂರ್ಯ ಮುಳುಗುವುದೇ ರಾತ್ರಿ 9ರ ಹೊತ್ತಿಗೆ. ಹಾಗಾಗಿ ಬೇಸಿಗೆಯ ವಾರದ ದಿನ ಸಂಜೆ ಐದಕ್ಕೆ ಹೋದರೂ ನಾಲ್ಕು ಗಂಟೆ ಬೆಳಕು ಸಿಗುತ್ತದೆ. ಡಿಸೆಂಬರಿನಲ್ಲಿ ಐದಕ್ಕೆ ಮೊದಲೇ ಕತ್ತಲು. ಚಳಿಗಾಲದಲ್ಲಿ ಶನಿವಾರ, ಭಾನುವಾರವನ್ನೇ ಆರಿಸಿಕೊಳ್ಳಿ.

ಹಕ್ಕಿ ನೋಡುವುದೇ ಉದ್ದೇಶವಾದರೆ ವಾರಾಂತ್ಯದ ಬೆಳಗಿನ ಹೊತ್ತಿಗೆ ಸಾಟಿಯಿಲ್ಲ. ಹತ್ತು ಗಂಟೆಯಾಗುತ್ತಿದ್ದಂತೆ ಸೈಕಲ್ ಸವಾರರ, ಓಟಗಾರರ ದಟ್ಟಣೆ ಶುರುವಾಗುತ್ತದೆ.

ಹೋಗುವ ದಾರಿ

ಒಳಗೆ ಕಾರು ಬಿಡುವುದಿಲ್ಲ. ಲೆಸ್ಲಿ ರಸ್ತೆ ಮತ್ತು ಅನ್ವಿನ್ ಅವೆನ್ಯೂ ಸೇರುವಲ್ಲಿ ಪ್ರವೇಶ. ಹತ್ತಿರದಲ್ಲೇ ಚಿಕ್ಕದೊಂದು ಪಾರ್ಕಿಂಗ್ ಇದೆ. ಬೇಸಿಗೆಯ ವಾರಾಂತ್ಯದಲ್ಲಿ ಅದು ಬೇಗ ತುಂಬುತ್ತದೆ.

ಮಿಸ್ಸಿಸಾಗ, ಬ್ರಾಂಪ್ಟನ್ ಕಡೆಯಿಂದ ಬರುವವರು ಗೋ ರೈಲಿನಲ್ಲಿ ಯೂನಿಯನ್ ಸ್ಟೇಷನ್‌ಗೆ ಬಂದು, ಅಲ್ಲಿಂದ ನಗರ ಸಾರಿಗೆಯಾದ ಟಿಟಿಸಿ ಹಿಡಿಯುವುದು ಸುಲಭ. ಕ್ವೀನ್ ಬೀದಿಯಲ್ಲಿ ಪೂರ್ವಕ್ಕೆ ಓಡುವ 501 ಸ್ಟ್ರೀಟ್‌ಕಾರ್ ಲೆಸ್ಲಿ ರಸ್ತೆಯ ಬಳಿ ಇಳಿಸುತ್ತದೆ. ನಡುಪೇಟೆಯಲ್ಲಿ ಹೊಸ ಮೆಟ್ರೊ ಮಾರ್ಗದ ಕೆಲಸ ನಡೆದಿರುವುದರಿಂದ ಅದರ ದಾರಿ ಬದಲಾಗಿರಬಹುದು. ಹತ್ತುವ ಮೊದಲು ಮೊಬೈಲಿನಲ್ಲಿ ನೋಡಿಕೊಳ್ಳಿ. ಇಳಿದ ಮೇಲೆ ದಕ್ಷಿಣಕ್ಕೆ, ಸರೋವರದ ಕಡೆಗೆ, ಇಪ್ಪತ್ತು ಇಪ್ಪತ್ತೈದು ನಿಮಿಷದ ನಡಿಗೆ. ಟಿಟಿಸಿಯಲ್ಲಿ ಪ್ರೆಸ್ಟೊ ಕಾರ್ಡ್ ಅಥವಾ ಕ್ರೆಡಿಟ್ ಕಾರ್ಡನ್ನು ಯಂತ್ರಕ್ಕೆ ತಾಕಿಸಿದರೆ ಆಯಿತು. ಗೋ ರೈಲಿನಿಂದ ಟಿಟಿಸಿಗೆ ಬದಲಾಯಿಸಿದಾಗ ಎರಡು ಸಲ ಹಣ ತೆರಬೇಕಿಲ್ಲ. 2024ರಿಂದ ಆ ಅನುಕೂಲವಿದೆ. ಎರಡೂ ಕಡೆ ಒಂದೇ ಕಾರ್ಡ್ ತಾಕಿಸಬೇಕು, ಅಷ್ಟೆ.

ಆ ಇಪ್ಪತ್ತು ನಿಮಿಷದ ನಡಿಗೆ ಚೆಲುವಾದದ್ದೇನಲ್ಲ. ಗೋದಾಮು, ಕಾಂಕ್ರೀಟ್ ಲಾರಿ, ಸ್ಟ್ರೀಟ್‌ಕಾರ್ ಡಿಪೊ. ಪಶ್ಚಿಮಕ್ಕೆ ತಿರುಗಿದರೆ 215 ಮೀಟರ್ ಎತ್ತರದ ಒಂದು ಚಿಮಣಿ ಕಾಣುತ್ತದೆ. ಅದು ಹರ್ನ್ ವಿದ್ಯುತ್ ಸ್ಥಾವರದ್ದು. 1951ರಲ್ಲಿ ಶುರುವಾಗಿ 1983ರಲ್ಲಿ ನಿಂತುಹೋದ ಸ್ಥಾವರ. ಈ ಪ್ರದೇಶಕ್ಕೆಲ್ಲ ಪೋರ್ಟ್ ಲ್ಯಾಂಡ್ಸ್ ಎಂದು ಹೆಸರು. ಇದನ್ನು ದಾಟದೆ ಸ್ಪಿಟ್ ತಲುಪಲಾಗದು, ಇದರ ಕಥೆ ತಿಳಿಯದೆ ಸ್ಪಿಟ್‌ನ ಕಥೆಯೂ ಪೂರ್ತಿಯಾಗದು.

ಜೌಗು ಹೋಗಿ ಬಂದರು, ಬಂದರು ಬಾರದೆ ಕಾಡು

ಡಾನ್ ನದಿ ಸರೋವರ ಸೇರುವ ಜಾಗದಲ್ಲಿ ಒಂದು ಕಾಲಕ್ಕೆ ಆಶ್‌ಬ್ರಿಜಸ್ ಬೇ ಎಂಬ ವಿಶಾಲ ಜೌಗುಭೂಮಿಯಿತ್ತು. ಮಹಾಸರೋವರಗಳ ಸೀಮೆಯಲ್ಲೇ ದೊಡ್ಡವುಗಳ ಪೈಕಿ ಒಂದು. ಮೂಲನಿವಾಸಿಗಳು ತಲೆತಲಾಂತರದಿಂದ ಮೀನು ಹಿಡಿದು, ಬೇಟೆಯಾಡಿ ಬಾಳಿದ ನೀರು. ಹತ್ತೊಂಬತ್ತನೇ ಶತಮಾನದಲ್ಲಿ ಬೆಳೆಯುತ್ತಿದ್ದ ನಗರ ತನ್ನ ಚರಂಡಿಯನ್ನೂ ದನದ ಕೊಟ್ಟಿಗೆಗಳ ಹೊಲಸನ್ನೂ ಅಲ್ಲಿಗೆ ಹರಿಸಿ ಅದನ್ನು ನಾರುವಂತೆ ಮಾಡಿತು. ಆಮೇಲೆ ರೋಗದ ಭಯ ಹುಟ್ಟಿತು. 1911ರಲ್ಲಿ ಸ್ಥಾಪನೆಯಾದ ಟೊರೊಂಟೊ ಬಂದರು ಆಯೋಗ ಮರುವರ್ಷವೇ ಒಂದು ಭಾರಿ ಯೋಜನೆ ಮಾಡಿ, ಜೌಗನ್ನು ಹೂತು ಕೈಗಾರಿಕೆಗೆ ಜಮೀನು ಮಾಡಲು ಹೊರಟಿತು. ಕಲ್ಲಿದ್ದಲ ಅಂಗಳ, ತೈಲದ ತೊಟ್ಟಿಗಳು ಬಂದವು. ನದಿಯನ್ನು ಲಂಬಕೋನದಲ್ಲಿ ತಿರುಗಿಸಿ ಕೀಟಿಂಗ್ ಕಾಲುವೆಗೆ ಸೇರಿಸಲಾಯಿತು.

ಈ ನಷ್ಟವನ್ನು ನಾನು ಮೊದಲೇ ಹೇಳುತ್ತಿರುವುದಕ್ಕೆ ಕಾರಣವಿದೆ. ಸ್ಪಿಟ್ ಬಗ್ಗೆ ಬರೆಯುವವರು ಕಸದಿಂದ ರಸ ಎಂಬಂತೆ ಅದನ್ನು ಕೊಂಡಾಡಿ ಮುಗಿಸಿಬಿಡುತ್ತಾರೆ. ಸತ್ತುಹೋದ ಜೌಗಿನ ಪಕ್ಕದಲ್ಲಿಟ್ಟು ನೋಡಿದರೆ ಸ್ಪಿಟ್ ಆ ಸಾಲದ ಒಂದು ಕಂತು ಮಾತ್ರ.

ಸ್ಪಿಟ್ ಕಟ್ಟಲು ಶುರುವಾದದ್ದು 1950ರ ದಶಕದ ಕೊನೆಯಲ್ಲಿ. 1959ರಲ್ಲಿ ಸೇಂಟ್ ಲಾರೆನ್ಸ್ ಜಲಮಾರ್ಗ ತೆರೆದು, ಅಟ್ಲಾಂಟಿಕ್ ಸಾಗರದ ದೊಡ್ಡ ಹಡಗುಗಳು ಮಹಾಸರೋವರಗಳವರೆಗೂ ಬರುವಂತಾಯಿತು. ಟೊರೊಂಟೊಗೆ ಹಡಗುಗಳ ಸಾಲೇ ಬರುತ್ತದೆಂದು ಲೆಕ್ಕ ಹಾಕಿದ ಬಂದರಿನವರು, ಹೊರಬಂದರಿಗೆ ಅಲೆತಡೆಯಾಗಲಿ ಎಂದು ಅವಶೇಷ ಸುರಿಯತೊಡಗಿದರು. ಅದೇ ಹೊತ್ತಿಗೆ ನಗರವೂ ತನ್ನನ್ನು ಒಡೆದು ಕಟ್ಟಿಕೊಳ್ಳುತ್ತಿತ್ತು. ಹಳೆಯ ಮನೆಗಳು ಬಿದ್ದು ಗೋಪುರಗಳು ಏಳುತ್ತಿದ್ದವು, ಸುರಂಗ ರೈಲಿನ ಅಗೆತ ನಡೆದಿತ್ತು. ಲಾರಿಗಳಿಗೆ ಬಿಡುವಿರಲಿಲ್ಲ. ಆದರೆ ಸರಕು ಕಂಟೇನರಿಗೆ ಬದಲಾಯಿತು, ಹಡಗುಗಳು ಸಾಗರದಂಚಿನ ಬಂದರುಗಳಲ್ಲೇ ಸರಕಿಳಿಸಿದವು. ಎಣಿಸಿದ ಹಡಗುಗಳು ಬರಲೇ ಇಲ್ಲ.

ಬಂದದ್ದು ಬೇರೆಯವು. 1970ರ ದಶಕದ ಮೊದಲ ವರ್ಷಗಳಲ್ಲಿ ಹೊರಬಂದರಿನ ತಳದಿಂದ ಮರಳೆತ್ತಿ ಸ್ಪಿಟ್‌ನ ಒಳಮಗ್ಗುಲಿಗೆ ಸುರಿದಾಗ ಬೆರಳುಗಳ ಹಾಗೆ ಚಾಚಿದ ಪುಟ್ಟ ಪುಟ್ಟ ಭೂಚಾಚುಗಳು, ನಡುವೆ ಅಲೆಯಿಲ್ಲದ ಕೊಲ್ಲಿಗಳು ಆದವು. ಬರಿ ಮರಳಿನ ಮೇಲೆ ಗಲ್ ಹಕ್ಕಿಗಳು, ರೀವಗಳು ಗೂಡು ಮಾಡಿದವು. ಗಾಳಿಯಲ್ಲಿ ತೇಲಿಬಂದ ಕಾಟನ್‌ವುಡ್ ಬೀಜ ಒದ್ದೆ ಮರಳಿನಲ್ಲಿ ಮೊಳೆಯಿತು. ಯಾರೂ ಒಂದು ಗಿಡ ನೆಡುವ ಮೊದಲೇ ಅಲ್ಲೊಂದು ಎಳೆಯ ಕಾಡು ಎದ್ದಿತ್ತು.

ಅದು ಸುಮ್ಮನೆ ಉಳಿಯಲಿಲ್ಲ. ಖಾಲಿ ಜಾಗ ಕಂಡರೆ ಯೋಜನೆಗಳು ಏಳುತ್ತವೆ: ಹೋಟೆಲು, ದೋಣಿ ಕ್ಲಬ್ಬುಗಳು, ಬಯಲು ರಂಗಮಂದಿರ, ಕಾರು ನಿಲ್ಲಿಸಲು ಅಂಗಳ. ಅದನ್ನು ವಿರೋಧಿಸಿ 1977ರಲ್ಲಿ ‘ಫ್ರೆಂಡ್ಸ್ ಆಫ್ ದ ಸ್ಪಿಟ್’ ಎಂಬ ನಾಗರಿಕರ ಗುಂಪು ಹುಟ್ಟಿತು. ಇದನ್ನು ಇದರ ಪಾಡಿಗೆ ಬಿಡಿ, ಕಾರು ಬಿಡಬೇಡಿ ಎಂಬುದಷ್ಟೇ ಅವರ ಬೇಡಿಕೆ. ಸಭೆಗೆ ಸಭೆ ಹೋಗಿ, ಪತ್ರದ ಮೇಲೆ ಪತ್ರ ಬರೆದು, ವರ್ಷಗಟ್ಟಲೆ ಪಟ್ಟು ಹಿಡಿದು ಅವರು ಬಹುಪಾಲು ಗೆದ್ದರು. 1985ರಲ್ಲಿ ಜಾಗಕ್ಕೆ ಮೆಟ್ರೊ ಟೊರೊಂಟೊದ ಮೊದಲ ಉದ್ಯಾನ ಆಯುಕ್ತ ಟಾಮಿ ಥಾಂಪ್ಸನ್ ಅವರ ಹೆಸರಿಟ್ಟರು. ಉದ್ಯಾನಗಳಲ್ಲಿ ‘ದಯವಿಟ್ಟು ಹುಲ್ಲಿನ ಮೇಲೆ ನಡೆಯಿರಿ’ ಎಂಬ ಫಲಕ ಹಾಕಿಸಿ ಹೆಸರಾದವರು ಅವರು. ಇಂದು ಟೊರೊಂಟೊ ಪ್ರದೇಶದ ಸಂರಕ್ಷಣಾ ಪ್ರಾಧಿಕಾರ, ಅಂದರೆ ಟಿಆರ್‌ಸಿಎ, ಇದನ್ನು ನೋಡಿಕೊಳ್ಳುತ್ತದೆ. ಜಾಗತಿಕ ಮಹತ್ವದ ಪಕ್ಷಿ ಪ್ರದೇಶವೆಂಬ ಮಾನ್ಯತೆಯೂ ಸಿಕ್ಕಿದೆ.

ನಮ್ಮ ರಂಗನತಿಟ್ಟನ್ನು ಇಲ್ಲಿ ನೆನೆಯಬೇಕು. ಹದಿನೇಳನೇ ಶತಮಾನದಲ್ಲಿ ಕಾವೇರಿಗೆ ಕಟ್ಟೆ ಕಟ್ಟಿದಾಗ ಆದ ನಡುಗಡ್ಡೆಗಳು ಅವು. ನೀರಾವರಿಗೆಂದು ಮಾಡಿದ ಕೆಲಸ ಹಕ್ಕಿಗಳಿಗೆ ಒದಗಿತು. ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಮೈಸೂರು ಮಹಾರಾಜರು ಅದನ್ನು ಪಕ್ಷಿಧಾಮವೆಂದು ಘೋಷಿಸಿದರು. ಎರಡೂ ಕಡೆ ಜಾಗ ಹುಟ್ಟಿದ್ದು ಮನುಷ್ಯನ ಬೇರೊಂದು ಉದ್ದೇಶದಿಂದ, ಉಳಿದದ್ದು ಯಾರೋ ಕೆಲವರು ಸಕಾಲದಲ್ಲಿ ಬಾಯಿಬಿಟ್ಟು ಕೇಳಿದ್ದರಿಂದ.

ಹಾಗೆಂದು ಸ್ಪಿಟ್ ಅನ್ನು ತೋರಿಸಿ ನಮ್ಮ ಕೆರೆಗಳ ಅಂಚಿಗೆ ರಾತ್ರೋರಾತ್ರಿ ಕಟ್ಟಡ ತ್ಯಾಜ್ಯ ಸುರಿಯುವವರು ಸಮಾಧಾನ ಪಡುವಂತಿಲ್ಲ. ಒಂಟಾರಿಯೊ ಸರೋವರದ ವಿಸ್ತಾರ ಸುಮಾರು 19,000 ಚದರ ಕಿಲೋಮೀಟರ್, ಅತಿ ಹೆಚ್ಚಿನ ಆಳ 244 ಮೀಟರ್. ಅದರಲ್ಲಿ ಐದು ಕಿಲೋಮೀಟರಿನ ಒಂದು ಚಾಚು ಮಾಡುವುದಕ್ಕೂ ಬೆಂಗಳೂರಿನ ಮೂವತ್ತು ಎಕರೆಯ ಕೆರೆಯೊಂದರ ಅಂಚು ನುಂಗುವುದಕ್ಕೂ ಹೋಲಿಕೆಯೇ ಇಲ್ಲ. ಸುರಿದದ್ದರಿಂದ ಒಳಿತಾಗಲಿಲ್ಲ. ಸುರಿದ ಮೇಲೆ ಬಿಟ್ಟದ್ದರಿಂದ, ಕಾದದ್ದರಿಂದ ಆಯಿತು.

ಒಳಗೆ ಕಾಲಿಟ್ಟ ಮೇಲೆ

ಪ್ರವೇಶದಲ್ಲಿ ಮಾಹಿತಿ ಫಲಕಗಳೂ ಶೌಚಾಲಯವೂ ಇವೆ. ಅಲ್ಲಿಂದ ಡಾಂಬರು ದಾರಿ ಸರೋವರದೊಳಕ್ಕೆ ಸಾಗಿ, ತುದಿಯ ದೀಪಸ್ತಂಭ ಮುಟ್ಟುತ್ತದೆ. ಹೋಗಿಬರಲು ಸುಮಾರು ಹತ್ತು ಕಿಲೋಮೀಟರ್. ದಾರಿ ಸಪಾಟು. ಗಾಲಿಕುರ್ಚಿ, ಮಗುವಿನ ಗಾಡಿ ಸಲೀಸಾಗಿ ಹೋಗುತ್ತವೆ. ಕಷ್ಟವಿರುವುದು ಬಿಸಿಲು ಮತ್ತು ಗಾಳಿಯಲ್ಲಿ. ಉದ್ದಕ್ಕೂ ನೆರಳಿಲ್ಲ, ಒಳಗೆ ಅಂಗಡಿಯಿಲ್ಲ, ಸುಸ್ತಾಯಿತೆಂದರೆ ಕರೆದೊಯ್ಯಲು ಆಟೊ ಬರುವುದಿಲ್ಲ. ಮಂಡಿ ನೋವಿನವರು ತುದಿ ಮುಟ್ಟಲೇಬೇಕೆಂಬ ಹಟ ಬಿಡುವುದು ಒಳ್ಳೆಯದು. ಮೊದಲ ಎರಡೂವರೆ ಕಿಲೋಮೀಟರಿನಲ್ಲೇ ಕಾಡು, ಕೊಲ್ಲಿ, ಜೌಗು ಮೂರೂ ಸಿಗುತ್ತವೆ.

ಇನ್ನೊಂದು ಮಾತು, ವಿಶೇಷವಾಗಿ ಹಿರಿಯರಿಗೆ: ಅಲ್ಲಿ ಬಲಗಡೆ ನಡೆಯಬೇಕು. ಹುಟ್ಟಿದಾಗಿನಿಂದ ಎಡಗಡೆ ನಡೆದ ಕಾಲು ತಾನಾಗಿ ಎಡಕ್ಕೆ ಸರಿಯುತ್ತದೆ. ಹಿಂದಿನಿಂದ ವೇಗವಾಗಿ ಬರುವ ಸೈಕಲ್ಲಿನವರು ಗಂಟೆ ಬಾರಿಸಿ ‘ಆನ್ ಯುವರ್ ಲೆಫ್ಟ್’ ಎಂದು ಕೂಗಿದರೆ, ನಿಮ್ಮ ಎಡಗಡೆಯಿಂದ ದಾಟಿ ಹೋಗುತ್ತೇನೆ ಎಂದರ್ಥ. ಎಡಕ್ಕೆ ಸರಿಯಿರಿ ಎಂದಲ್ಲ. ಗಾಬರಿಯಾಗಿ ಎಡಕ್ಕೆ ಹಾರಿದರೆ ಡಿಕ್ಕಿ ಖಚಿತ. ಬಲ ಅಂಚಿನಲ್ಲೇ ಸ್ಥಿರವಾಗಿ ನಡೆಯುತ್ತಿರಿ. ನಾಲ್ಕು ಜನ ಸಾಲಾಗಿ ರಸ್ತೆ ತುಂಬ ಹರಡಿಕೊಂಡು ಹರಟುತ್ತ ಹೋಗುವುದೂ ಬೇಡ. ಮುಖ್ಯ ದಾರಿಯಿಂದ ಕವಲೊಡೆಯುವ ಮಣ್ಣಿನ ಕಾಲುದಾರಿಗಳಲ್ಲಿ ಸೈಕಲ್ಲಿನ ಕಾಟವಿಲ್ಲ. ನನಗೆ ಅವೇ ಹೆಚ್ಚು ಇಷ್ಟ.

ಅರ್ಧದಾರಿಯ ಆಚೀಚೆ ಸಿಗುವ ಜೌಗುಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಮೂಲದಲ್ಲಿ ಅವು ತೊಟ್ಟಿಗಳು. ಕೀಟಿಂಗ್ ಕಾಲುವೆಯಿಂದ ಎತ್ತಿದ ಹೂಳನ್ನು ಹಾಕಲೆಂದು ಸುತ್ತ ದಂಡೆ ಕಟ್ಟಿ ಮಾಡಿದವು. ನಗರದ, ಕಾರ್ಖಾನೆಗಳ ಕೊಳೆಯೆಲ್ಲ ನದಿಯೊಡನೆ ಬಂದು ನಿಂತ ಹೂಳಾದ್ದರಿಂದ ಅದು ಸರೋವರಕ್ಕೆ ಹರಡಬಾರದು. ತೊಟ್ಟಿ ತುಂಬಿದ ಮೇಲೆ ಕಲುಷಿತ ಹೂಳಿನ ಮೇಲೆ ಶುದ್ಧ ಮಣ್ಣಿನ ಹೊದಿಕೆ ಹಾಸಿ, ನೀರು ನಿಲ್ಲಿಸಿ, ಆಪು, ನೀರುಹುಲ್ಲು ನೆಟ್ಟು ಜೌಗು ಮಾಡಿದರು. ತಳ ಕೆದಕಿ ನೀರು ಕದಡುವ ದೊಡ್ಡ ಕಾರ್ಪ್ ಮೀನು ಒಳನುಗ್ಗದಂತೆ ನೀರಿನ ಬಾಯಿಗೆ ಜಾಲರಿ ತಡೆ ಇದೆ. ಈಗ ಅಲ್ಲಿ ಬಣ್ಣದಾಮೆಗಳು ಮರದ ತುಂಡಿನ ಮೇಲೆ ಸಾಲಾಗಿ ಬಿಸಿಲು ಕಾಯುತ್ತವೆ, ಬೀವರ್‌ಗಳು ಮರ ಕಡಿದ ಗುರುತು ದಂಡೆಯುದ್ದಕ್ಕೂ ಕಾಣುತ್ತದೆ. ಸ್ಪಿಟ್‌ನಲ್ಲಿ ತಾನಾಗಿ ಆದದ್ದು ಎಷ್ಟೋ ಇದೆ. ಇದು ಮಾತ್ರ ಕೂತು ಯೋಚಿಸಿ, ಮನುಷ್ಯ ತನ್ನ ಕೊಳೆಯ ಹೊಣೆ ಹೊತ್ತು ಮಾಡಿದ ಕೆಲಸ. ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಯಾರಾದರೂ ಅಲ್ಲಿದ್ದರೆ ಇದನ್ನು ನೋಡದೆ ಬರಬಾರದು.

ತೆರೆದ ಸರೋವರದ ಕಡೆಯ ದಂಡೆ ಇನ್ನೊಂದು ಲೋಕ. ಅಲೆ ತಿಕ್ಕಿ ತಿಕ್ಕಿ ಅಂಚು ಕಳೆದು ಗುಂಡಗಾದ ಕೆಂಪು ಇಟ್ಟಿಗೆಗಳು, ಬಚ್ಚಲಮನೆಯ ಟೈಲ್ಸ್ ಚೂರು, ಮುರಿದ ಕಂಬ, ಕಾಂಕ್ರೀಟಿನಿಂದ ಹೊರಚಾಚಿದ ಕಬ್ಬಿಣದ ಸರಳು. ಯಾರದೋ ಮನೆಯ ಗೋಡೆ, ಯಾರದೋ ಅಂಗಳದ ಮೆಟ್ಟಿಲು. ಕೆಲವರು ಅವನ್ನೇ ಜೋಡಿಸಿ ಗೋಪುರ, ಗೊಂಬೆ ಮಾಡಿ ನಿಲ್ಲಿಸಿರುತ್ತಾರೆ. ನೋಡಲು ಬಲು ಸೊಗಸು, ಆದರೆ ಮಕ್ಕಳನ್ನು ಕೈಬಿಡಬೇಡಿ. ಗಟ್ಟಿ ಅಡಿಯ ಬೂಟು ಬೇಕು, ಚಪ್ಪಲಿ ಸಾಲದು. ನೀರಿಗಿಳಿಯುವುದಂತೂ ಬೇಡವೇ ಬೇಡ. ಅಲೆಯ ಕೆಳಗೆ ಸರಳುಗಳು ಎಲ್ಲಿವೆಯೋ ಕಾಣುವುದಿಲ್ಲ. ಈಜುವ ಆಸೆಯಿದ್ದರೆ ಪಶ್ಚಿಮಕ್ಕಿರುವ ಚೆರ್ರಿ ಬೀಚ್‌ಗೆ ಹೋಗಬಹುದು.

ಸ್ಪಿಟ್‌ನ ಕೊನೆಯ ಭೂಚಾಚಿಗೆ ವಿಕಿ ಕೀತ್ ಪಾಯಿಂಟ್ ಎಂದು ಹೆಸರು. 1988ರಲ್ಲಿ ಐದೂ ಮಹಾಸರೋವರಗಳನ್ನು ಈಜಿ ದಾಟಿದ ಕೆನಡಾದ ಸಾಹಸಿ ಆಕೆ. ದೀಪಸ್ತಂಭದ ಬಳಿ ನಿಂತು ಹಿಂತಿರುಗಿದರೆ ಇಡೀ ಟೊರೊಂಟೊ ನೀರಿನ ಆಚೆ ಸಾಲುಗಟ್ಟಿ ನಿಂತಂತೆ ಕಾಣುತ್ತದೆ.

ಯಾವ ಋತುವಿನಲ್ಲಿ ಏನು

ಏಪ್ರಿಲ್ ನಡುವಿನಿಂದ ಮೇ ಕೊನೆಯವರೆಗೆ ವಲಸೆಯ ಕಾಲ. ರಾತ್ರಿಯಿಡೀ ಸರೋವರ ದಾಟಿ ಹಾರಿಬಂದ ಪುಟ್ಟ ಹಕ್ಕಿಗಳಿಗೆ ಬೆಳಗಿನ ಜಾವ ಕಾಣುವ ಮೊದಲ ಹಸಿರು ಇದೇ. ದಣಿದು ಇಳಿದು, ಹುಳ ಹೆಕ್ಕಿ, ಚೇತರಿಸಿಕೊಂಡು ಮತ್ತೆ ಉತ್ತರಕ್ಕೆ ಹೊರಡುತ್ತವೆ. ಮೇ ಮೊದಲೆರಡು ವಾರ ವಾರ್ಬ್ಲರ್‌ಗಳು ಹಳದಿ, ನೀಲಿ, ಕಿತ್ತಳೆ ಬಣ್ಣದಲ್ಲಿ ಕಣ್ಣೆತ್ತರದ ಪೊದೆಗಳಲ್ಲೇ ಸಿಗುತ್ತವೆ. 2003ರಿಂದ ಇಲ್ಲೊಂದು ಪಕ್ಷಿ ಸಂಶೋಧನಾ ಕೇಂದ್ರ ನಡೆಯುತ್ತಿದೆ. ವಸಂತ ಮತ್ತು ಶರತ್ಕಾಲದಲ್ಲಿ ಸಣ್ಣ ಬಲೆಗಳಲ್ಲಿ ಹಕ್ಕಿ ಹಿಡಿದು, ತೂಗಿ, ಅಳೆದು, ಕಾಲಿಗೆ ಬಳೆ ತೊಡಿಸಿ ಬಿಡುತ್ತಾರೆ. ಅದೇ ಮೇ ತಿಂಗಳಲ್ಲಿ ಸಣ್ಣ ನೊಣಗಳು ಹೊಗೆಯ ಹಾಗೆ ಏಳುತ್ತವೆ. ಅವು ಕಚ್ಚುವುದಿಲ್ಲ. ಬಾಯಿ ಮುಚ್ಚಿಕೊಂಡು ನಡೆಯಬೇಕಷ್ಟೆ. ಬಂದ ಹಕ್ಕಿಗಳಿಗೆ ಅವೇ ಊಟ, ಆದ್ದರಿಂದ ಬೈದುಕೊಳ್ಳುವ ಹಾಗಿಲ್ಲ. ಮೇ ತಿಂಗಳಲ್ಲೂ ಸರೋವರದ ನೀರು ಕೊರೆಯುವ ತಣ್ಣಗಿರುತ್ತದೆ. ಮನೆಯ ಅಂಗಳದಲ್ಲಿ ಬೆಚ್ಚಗಿದೆ ಎಂದು ಬರೀ ಅಂಗಿಯಲ್ಲಿ ಬಂದರೆ ಸ್ಪಿಟ್‌ನ ಗಾಳಿಗೆ ಹಲ್ಲು ಕಟಕಟ ಎನ್ನುತ್ತದೆ. ಸ್ವೆಟರ್, ಗಾಳಿ ತಡೆಯುವ ಜಾಕೆಟ್ ಇರಲಿ.

ಜೂನ್, ಜುಲೈ ಗೂಡಿನ ಕಾಲ. 1990ರಲ್ಲಿ ಕೇವಲ ಆರು ಜೋಡಿ ನೀರುಕಾಗೆಗಳು ಇಲ್ಲಿ ಗೂಡು ಕಟ್ಟಿದ್ದವು. ಈಗ ಅವುಗಳ ಗೂಡುಗಳನ್ನು ಸಾವಿರಗಳ ಲೆಕ್ಕದಲ್ಲಿ ಎಣಿಸುತ್ತಾರೆ. ಗಾಳಿ ಈ ಕಡೆ ಬೀಸಿದರೆ ವಾಸನೆ ದೂರದಿಂದಲೇ ಬಡಿಯುತ್ತದೆ. ಹಿಕ್ಕೆಯ ಖಾರಕ್ಕೆ ಮರಗಳು ಸತ್ತು ಬೆಳ್ಳಗೆ ನಿಂತಿವೆ. ಅದನ್ನು ನೋಡಿ ಈ ಹಕ್ಕಿಗಳನ್ನು ಓಡಿಸಬೇಕು ಎನ್ನುವವರು ಟೊರೊಂಟೊದಲ್ಲೂ ಇದ್ದಾರೆ. ಡಿಡಿಟಿ ವಿಷದಿಂದ ಮೊಟ್ಟೆಯ ಚಿಪ್ಪು ತೆಳುವಾಗಿ ಒಡೆದು, 1970ರ ಹೊತ್ತಿಗೆ ಮಹಾಸರೋವರಗಳಿಂದಲೇ ಅಳಿದುಹೋಗುವಂತಾಗಿದ್ದ ಹಕ್ಕಿ ಇದು. ವಿಷ ನಿಂತಿತು, ಹಕ್ಕಿ ಮರಳಿತು. ಪ್ರಾಧಿಕಾರದವರು ಅವನ್ನು ಕೊಲ್ಲದೆ, ಕೆಲವು ಕಡೆ ಮರದ ಬದಲು ನೆಲದ ಮೇಲೆ ಗೂಡು ಮಾಡುವಂತೆ ಉತ್ತೇಜಿಸಿ ಉಳಿದ ಕಾಡನ್ನು ಕಾಯುತ್ತಿದ್ದಾರೆ. ಸರಿಯಾದ ದಾರಿ ಇದೇ ಎಂಬುದು ನನ್ನ ನಂಬಿಕೆ. ರೀವಗಳಿಗೆಂದು ಕೊಲ್ಲಿಗಳಲ್ಲಿ ತೇಲುವ ತೆಪ್ಪಗಳನ್ನೂ ಬಿಟ್ಟಿದ್ದಾರೆ.

ನೀರುಕಾಗೆಗಳ ನೆರೆಯಲ್ಲೇ ಇರುಳು ಬಕಗಳೂ ಗೂಡು ಮಾಡುತ್ತವೆ. ಕೆಂಪು ಕಣ್ಣು, ಕಪ್ಪು ನೆತ್ತಿ, ಕುತ್ತಿಗೆಯೇ ಇಲ್ಲವೇನೋ ಎಂಬಂತೆ ಮುದುಡಿ ಕೂರುವ ಹಕ್ಕಿ. ರಂಗನತಿಟ್ಟಿನಲ್ಲಿ ಕಂಡಿದ್ದರೆ ಗುರುತು ಹತ್ತದೆ ಇರದು, ಎರಡೂ ಕಡೆಯದು ಒಂದೇ ಜಾತಿ. ಜೂನ್ ತಿಂಗಳಲ್ಲಿ ಕಾಟನ್‌ವುಡ್ ಕಾಯಿ ಬಿರಿದು, ಬೂರುಗದ ಅರಳೆಯಂತೆ ಗಾಳಿಯಲ್ಲೆಲ್ಲ ಹಾರಾಡಿ ದಾರಿಯಂಚಿನಲ್ಲಿ ಬೆಳ್ಳಗೆ ಕೂರುತ್ತದೆ.

ಸೆಪ್ಟೆಂಬರಿನಲ್ಲಿ ಹೋಗುವವರಿಗೆ ಮೊನಾರ್ಕ್ ಚಿಟ್ಟೆ. ಮೆಕ್ಸಿಕೊದ ಬೆಟ್ಟಗಳಿಗೆ ಹೊರಟ ಕಿತ್ತಳೆ ಬಣ್ಣದ ಚಿಟ್ಟೆಗಳು ಸರೋವರ ದಾಟುವ ಮುನ್ನ ಇಲ್ಲಿ ಸೇರುತ್ತವೆ. ಅದರ ಮರಿಹುಳು ತಿನ್ನುವುದು ಮಿಲ್ಕ್‌ವೀಡ್ ಎಲೆಯನ್ನು ಮಾತ್ರ. ಮುರಿದರೆ ಹಾಲು ಸುರಿಸುವ ಆ ಗಿಡ ನಮ್ಮ ಎಕ್ಕದ ನೆಂಟ. ನಮ್ಮಲ್ಲಿ ಎಕ್ಕದ ಮೇಲೆ ಬೆಳೆಯುವ ಪ್ಲೇನ್ ಟೈಗರ್ ಚಿಟ್ಟೆಯೂ ಮೊನಾರ್ಕ್‌ನ ದಾಯಾದಿಯೇ. ಮೊಮ್ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಪಾಠ ಬೇರೆ ಸಿಗದು. ಗೋಲ್ಡನ್‌ರಾಡ್ ಮತ್ತು ಆಸ್ಟರ್ ಹೂಗಳ ನಡುವೆ ಹುಡುಕಿ, ಮುಟ್ಟದೆ ನೋಡಿ.

ಚಳಿಗಾಲ ಗಟ್ಟಿ ಮೈಯವರಿಗೆ. ಉತ್ತರಧ್ರುವದ ಕಡೆಯಿಂದ ಉದ್ದಬಾಲದ ಬಾತುಗಳು ಬಂದು ಹೆಪ್ಪುಗಟ್ಟದ ನೀರಿನಲ್ಲಿ ತೇಲುತ್ತವೆ. ಕೆಲವು ವರ್ಷ ಹಿಮಗೂಬೆಗಳೂ ಬರುತ್ತವೆ. ಗೂಬೆ ಕಂಡರೆ ಫೋಟೊದ ಆಸೆಗೆ ಹತ್ತಿರ ಹೋಗಬೇಡಿ, ಕಂಡ ಜಾಗವನ್ನು ಫೇಸ್‌ಬುಕ್ಕಿನಲ್ಲಿ ಹಾಕಬೇಡಿ. ಹತ್ತು ಜನ ಸೇರಿ ಮತ್ತೆ ಮತ್ತೆ ಹಾರಿಸಿದರೆ ಚಳಿಯಲ್ಲಿ ಅದು ಉಳಿಸಿಕೊಂಡ ಕಸುವು ಸೋರಿಹೋಗುತ್ತದೆ.

ಮಾಡಬೇಕಾದ್ದು, ಬಿಡಬೇಕಾದ್ದು

ನಾಯಿಗಳಿಗೆ ಪ್ರವೇಶವಿಲ್ಲ. ಹಗ್ಗ ಹಿಡಿದರೂ ಇಲ್ಲ, ತೋಳಿನಲ್ಲಿ ಎತ್ತಿಕೊಂಡರೂ ಇಲ್ಲ. ನೆಲದ ಮೇಲೆ ಗೂಡು ಮಾಡುವ ಹಕ್ಕಿಗೆ ನಾಯಿಯ ವಾಸನೆಯೇ ಸಾಕು ಮೊಟ್ಟೆ ಬಿಟ್ಟು ಏಳಲು.

ಬುತ್ತಿ ಕಟ್ಟಿಕೊಂಡು ಹೋಗಿ, ಚಿತ್ರಾನ್ನವಾಗಲಿ ಮೊಸರನ್ನವಾಗಲಿ. ನೀರಂತೂ ಧಾರಾಳವಾಗಿ ಇರಲಿ. ಆದರೆ ಉಳಿದ ಅಗುಳನ್ನು ಹಕ್ಕಿಗೆ ಹಾಕುವುದು ಬೇಡ. ಮನೆಯ ಮುಂದೆ ಕಾಗೆಗೆ ಅನ್ನವಿಟ್ಟು ಬೆಳೆದ ನಮಗೆ ಇದು ಕಠಿಣವೆನಿಸಬಹುದು. ಅನ್ನ ತಿಂದ ಬಾತಿಗೆ ಪುಷ್ಟಿಯಿಲ್ಲ. ತೋಳದ ಜಾತಿಯ ಕಯೋಟಿಗೆ ರುಚಿ ಹತ್ತಿದರೆ ಅದು ಮನುಷ್ಯರ ಬಳಿ ಸುಳಿಯತೊಡಗುತ್ತದೆ, ಆಮೇಲೆ ಜೀವ ಕಳೆದುಕೊಳ್ಳುವುದು ಅದೇ. ಕಯೋಟಿ ಎದುರಾದರೆ ಓಡಬೇಡಿ. ಮಕ್ಕಳನ್ನು ಹತ್ತಿರ ಎಳೆದುಕೊಂಡು, ಅದರ ಕಡೆಗೇ ಮುಖವಿಟ್ಟು ನಿಧಾನವಾಗಿ ಹಿಂದೆ ಸರಿಯಿರಿ. ದಾರಿಯಲ್ಲಿ ಬಿಸಿಲು ಕಾಯುವ ಗಾರ್ಟರ್ ಹಾವುಗಳಿಂದ ಅಪಾಯವಿಲ್ಲ. ಸೈಕಲ್ ಹೊಡೆಯುವವರು ಅವುಗಳ ಮೇಲೆ ಹರಿಸದಿರಲಿ.

ಪೊದೆಯೊಳಗೆ ನುಗ್ಗಬೇಡಿ. ಒಂಟಾರಿಯೊದಲ್ಲಿ ಮೂರೆಲೆಯ ಪಾಯ್ಸನ್ ಐವಿ ತಾಕಿದರೆ ಮೈಯೆಲ್ಲ ಬೊಕ್ಕೆ. ಹುಲ್ಲಿನಲ್ಲಿ ಉಣ್ಣೆಗಳಿರಬಹುದು, ಕೆಲವು ಉಣ್ಣೆಗಳಿಂದ ಲೈಮ್ ಕಾಯಿಲೆ ಬರುತ್ತದೆ. ಉದ್ದ ಪ್ಯಾಂಟ್ ತೊಟ್ಟು, ಕಾಲುಚೀಲ ಮೇಲೆಳೆದುಕೊಂಡು, ಮನೆಗೆ ಬಂದ ಮೇಲೆ ಮಂಡಿಯ ಹಿಂದೆ, ಸೊಂಟದ ಸುತ್ತ ಒಮ್ಮೆ ನೋಡಿಕೊಂಡರೆ ಸಾಕು.

ದುರ್ಬೀನು ಇದ್ದರೆ ತಪ್ಪದೆ ಒಯ್ಯಿರಿ. ಇಲ್ಲದವರು ಕಾರ್ನೆಲ್ ವಿಶ್ವವಿದ್ಯಾಲಯದವರ ಉಚಿತ ಮರ್ಲಿನ್ ಆ್ಯಪ್ ಹಾಕಿಕೊಳ್ಳಬಹುದು, ಅದು ದನಿ ಕೇಳಿಯೇ ಹಕ್ಕಿಯ ಹೆಸರು ಹೇಳುತ್ತದೆ. ಅದರಲ್ಲಿರುವ ಧ್ವನಿಮುದ್ರಣವನ್ನು ಜೋರಾಗಿ ಹಾಕಿ ಹಕ್ಕಿಯನ್ನು ಕರೆಯುವ ಕೆಲಸ ಮಾತ್ರ ಮಾಡಬೇಡಿ. ಗೂಡಿನ ಕಾಲದಲ್ಲಿ ಅದು ಹಿಂಸೆ. ಇಟ್ಟಿಗೆ, ಗರಿ, ಗೂಡು ಏನನ್ನೂ ನೆನಪಿಗೆಂದು ಎತ್ತಿಕೊಂಡು ಬರಬೇಡಿ.

ಸಮಯ ಉಳಿದರೆ ಅದೇ ದಿನ ಪೋರ್ಟ್ ಲ್ಯಾಂಡ್ಸ್‌ನ ಬಿದಾಸಿಗೆ ಪಾರ್ಕನ್ನೂ ನೋಡಿ ಬನ್ನಿ. ಲಂಬಕೋನದಲ್ಲಿ ಕಟ್ಟಿಹಾಕಿದ್ದ ಡಾನ್ ನದಿಗೆ ಹೊಸ ಪಾತ್ರ ತೋಡಿ, ಎರಡು ದಡದಲ್ಲೂ ಜೌಗು ಬೆಳೆಸಿ, ಮತ್ತೆ ಬಳುಕಿ ಹರಿಯುವಂತೆ ಮಾಡಿದ್ದಾರೆ. 2025ರಲ್ಲಿ ಜನರಿಗೆ ತೆರೆಯಿತು. ಒಂದು ನೂರು ವರ್ಷದ ಹಿಂದೆ ಹೂತುಹಾಕಿದ್ದರಲ್ಲಿ ಒಂದು ಚೂರನ್ನಾದರೂ ಅಗೆದು ಹಿಂತಿರುಗಿಸಿದ ಕೆಲಸವದು.

ಹೊರಡುವ ದಿನ ಟಿಆರ್‌ಸಿಎ ಜಾಲತಾಣದಲ್ಲಿ ಟಾಮಿ ಥಾಂಪ್ಸನ್ ಪಾರ್ಕ್‌ನ ಪುಟವನ್ನು ತಪ್ಪದೆ ನೋಡಿಕೊಳ್ಳಿ. ದಂಡೆಯ ಕಾಮಗಾರಿ, ಬಿರುಗಾಳಿ, ಗೂಡಿನ ರಕ್ಷಣೆ ಎಂದು ಕೆಲವು ಕಾಲುದಾರಿಗಳನ್ನು ಆಗಾಗ ಮುಚ್ಚುತ್ತಾರೆ. ಮುಚ್ಚಿದ್ದರೆ ಹಗ್ಗ ದಾಟಬೇಡಿ, ತೆರೆದ ದಾರಿಯಲ್ಲೇ ನಡೆಯಿರಿ.